ಕುರ್ಚಿಯ ನಾಲ್ಕನೇ ಕಾಲು

ಕೆಳಗಿನ ಮನೆಯಿಂದ ಚೀಟಿ ಬಂತು, ಮಾತ್ರೆಯ ಕವರಿನ ಬೆನ್ನಿಗೆ ಬರೆದದ್ದು:
"ಹಗಲು ಹನ್ನೊಂದಕ್ಕೆ ನಿಮ್ಮ ಕುರ್ಚಿ ಎಳೆಯುವ ಸದ್ದು.
ನನಗದು ನಡುರಾತ್ರಿ. ದಯವಿಟ್ಟು."
ಸಹಿ ಇರಲಿಲ್ಲ. ಬೇಕೂ ಇರಲಿಲ್ಲ.
ಕೋಡಿಬಾಗದ ಈ ಕಟ್ಟಡದಲ್ಲಿ ಇರುವುದೇ ಎರಡು ಮನೆ,
ರಾತ್ರಿಪಾಳಿಯ ನರ್ಸು ಇನಾಸಿನ್ ಒಂದರಲ್ಲಿ,
ಕಿಟಕಿಯ ಬೆಳಕಿಗೆ ಕುರ್ಚಿ ಎಳೆಯುವ ನಾನು ಇನ್ನೊಂದರಲ್ಲಿ.

ಮೊದಲು ಸಿಟ್ಟು ಬಂತು. ತೇಗದ ಕುರ್ಚಿ,
ಎತ್ತಿಡಲು ನಾನೇನು ಗರಡಿಯವಳೇ?
ಆಮೇಲೆ ಡಬ್ಬಿ ತೆಗೆದೆ.

ಡಬ್ಬಿಯಲ್ಲಿ, ಯಾರದೋ ಮಗುವಿನ ಟೊಪ್ಪಿಗೆ ಹೆಣೆದು ಉಳಿದ ಹಳದಿ,
ಬಿಚ್ಚಿದರೂ ಸುರುಳಿ ಮರೆಯದ ಸ್ವೆಟರಿನ ಕಂದು
(ಕಾರವಾರದಲ್ಲಿ ಸ್ವೆಟರು! ಕೊಟ್ಟವರಿಗೆ ನಮ್ಮ ಸೆಕೆ ಗೊತ್ತಿರಲಿಲ್ಲ),
ಬೈತಕೋಲದ ಧಕ್ಕೆಯಲ್ಲಿ ಕತ್ತರಿಸಿ ಎಸೆದ ಹಸಿರು ನೈಲಾನು,
ಎಷ್ಟು ತೊಳೆದರೂ ಮೋಡ ಕವಿದ ದಿನ ತಾರ್ಲೆ ನಾರುವಂಥದ್ದು.
ಒಂದು ಕ್ರೋಷಾ ಕಡ್ಡಿ. ಅಪ್ಪನ ಬಿದಿರಿನ ಸೂಜಿ.

ಅಪ್ಪ ರಾಂಪಣಿ ಬಲೆಗೆ ತೇಪೆ ಹಾಕುತ್ತ ಬೆರಳಲ್ಲೇ ಅಳೆಯುತ್ತಿದ್ದ,
ಬಂಗಡೆಗೆ ಎರಡು, ತಾರ್ಲೆಗೆ ಒಂದು.
"ಕಣ್ಣು ತೀರಾ ಸಣ್ಣದಾದರೆ ಸಮುದ್ರವೂ ಜೊತೆಗೆ ಬರ್ತದೆ ಬಾಯೆ,
ಎಳೆಯೋರು ಯಾರು?"
ನನ್ನ ಕೈಗೆ ಬಲೆ ಕೊಡಲಿಲ್ಲ, ಹುಡುಗಿಯರಿಗೆ ಬುಟ್ಟಿ ಇತ್ತು.
ಗಂಟು, ನಾನು ನೋಡಿ ಕದ್ದದ್ದು.

ಆ ಗಂಟಿನ ಮೇಲೆಯೇ ಈ ಮನೆ ನಿಂತಿದೆ ಅಂದರೆ ನಗಬೇಡಿ.
ಸಂಜೆಗಾಳಿಗೆ ದಡಾರನೆ ಬಡಿಯುವ ಬಾಗಿಲಿಗೆ
ಆಚೀಚಿನ ಹಿಡಿಕೆ ಎರಡನ್ನೂ ತಬ್ಬುವ ಒಂದು ಪಟ್ಟಿ.
ಕೈ ಸುಡುವ ಕಾವಲಿಯ ಹಿಡಿಗೊಂದು ಅಂಗಿ
(ಮೊದಲಿನದು ನೈಲಾನು, ಕರಗಿ ಹೋಯಿತು, ಈಗಿನದು ಹತ್ತಿ).
ಮೋರಿಗೆ ಜಾರಿ ಓಡುವ ಸೋಪಿನ ಚೂರುಗಳಿಗೆ ಚೀಲ.
ಅಪ್ಪಾ, ಸೋಪಿಗೆ ಎಷ್ಟು ಬೆರಳು?
ಕಿರುಬೆರಳಿನ ಉಗುರಿನಷ್ಟು ಸಾಕು,
ಹೊರಗೆ ಬರುವುದಾದರೆ ನೊರೆಯಾಗಿಯೇ ಬರಲಿ.

ಯಾವುದೂ ಚಂದವಿಲ್ಲ. ಹಳದಿ ಮುಗಿದಲ್ಲಿ ಕಂದು, ಕಂದು ಮುಗಿದಲ್ಲಿ ಬಲೆ.

ಒಂದೇ ರಾತ್ರಿಯಲ್ಲಿ ಕುರ್ಚಿಗೆ ನಾಲ್ಕು ಕಾಲುಚೀಲ.
ಜಾರದಿರಲೆಂದು ಅಂಚಿಗೆ ಹಳೇ ಲಂಗದ ಇಲಾಸ್ಟಿಕ್ಕು.
ಬೆಳಿಗ್ಗೆ ಎಳೆದೆ. ಕುರ್ಚಿ ಬಂತು, ಸದ್ದು ಬರಲಿಲ್ಲ.
ಮನೆಯಲ್ಲಿ ಬೆಕ್ಕು ಸಾಕಿದ ಹಾಗಾಯಿತು.

ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಬಾಗಿಲು ತಟ್ಟಿದರು
ಇನಾಸಿನ್. ಕೆದರಿದ ಕೂದಲು, ಬರಿಗಾಲು,
ಮೂಗಿನ ಮೇಲೆ ಮಾಸ್ಕಿನ ಗೀರು.
ನನ್ನ ಮುಖ ನೋಡಿದರು. ಅಭ್ಯಾಸಬಲ,
ಕೈ ನೇರ ನನ್ನ ಮಣಿಕಟ್ಟಿಗೇ ಬಂತು.
"ಇದ್ದೀರಲ್ಲ," ಅಂದರು.
"ಹನ್ನೊಂದಕ್ಕೆ ಎಚ್ಚರ ಆಗ್ತದೆ. ಕಿವಿಗೊಟ್ಟು ಮಲಗ್ತೇನೆ. ಏನೂ ಇಲ್ಲ.
ವಾರ್ಡಿನಲ್ಲಿ ಸದ್ದು ನಿಂತರೆ ನಾವು ಓಡೋದು ಗೊತ್ತಲ್ಲ,
ಮತ್ತೆ ನಿದ್ದೆ ಹ್ಯಾಗೆ ಬರ್ತದೆ?"

ಚಹಾ ಮಾಡಿದೆ. ಅದೇ ಕುರ್ಚಿಯಲ್ಲಿ ಕೂತು, ಬಗ್ಗಿ ಕಾಲುಚೀಲ ಮುಟ್ಟಿ,
"ಇಶ್ಶೀ, ಇದು ನನ್ನ ಸಲುವಾಗಿಯೋ" ಎಂದು ನಕ್ಕು
ಅರ್ಧ ಲೋಟಕ್ಕೇ ತೂಕಡಿಸಿದರು.

ಅವರು ಇಳಿದು ಹೋದ ಮೇಲೆ ಹಿಂದಿನ ಎಡಗಾಲಿನದೊಂದು ಬಿಚ್ಚಿದೆ.
ಈಗ ಹನ್ನೊಂದಕ್ಕೆ ಮೂರು ಕಾಲು ಸುಮ್ಮನೆ ಬರುತ್ತವೆ,
ನಾಲ್ಕನೆಯದು ಒಂದೇ ಸಲ ಗರ್ ಅನ್ನುತ್ತದೆ,
ತಾರ್ಲೆ ದಾಟುವಷ್ಟು.

ಬಿಚ್ಚಿದ ಕಾಲುಚೀಲ ಮೊಳೆಗೆ ನೇತಾಡುತ್ತಿದೆ.
ಅದರೊಳಗೆ ಕೆಳಗಿನ ಮನೆಯ ಎರಡನೇ ಬೀಗದ ಕೈ,
ಅವರೇ ತಂದುಕೊಟ್ಟದ್ದು.
ಯಾಕೆಂದು ಕೇಳಲಿಲ್ಲ.