ಹತ್ತನೆಯವರು

ಮಡಿಲು ತುಂಬಿ ಕಳಿಸಿದರು.
ಕುಬುಸದ ಬಟ್ಟೆ, ಎರಡು ಗಿಟುಕು ಕೊಬ್ಬರಿ,
ಅಕ್ಕಿ, ಬೆಲ್ಲ, ಒಂದು ಡಜನ್ ಹಸಿರು ಬಳೆ,
ಜೊತೆಗೊಂದು ಲಕೋಟೆ.
ಉಡುಗೊರೆಯೆಂದುಕೊಂಡು ಬಸ್ಸಿನಲ್ಲೇ ಒಡೆದೆ,
ಸಿರಾ ಗೇಟಿನ ಹತ್ತಿರ.
"ಆರ್ಡರು ಕಡಿಮೆಯಾದ ಕಾರಣ
ತಮ್ಮ ಹುದ್ದೆಯನ್ನು ಕೈಬಿಡಲಾಗಿದೆ."
ಕೆಳಗೆ ಒತ್ತಿದ ಮೊಹರು
ನಾನೇ ಮಂಡಿಪೇಟೆಯಲ್ಲಿ ಮಾಡಿಸಿ ತಂದದ್ದು.
ನೂರ ನಲವತ್ತು ರೂಪಾಯಿ,
ಸಣ್ಣ ಖರ್ಚಿನ ಲೆಕ್ಕದಲ್ಲಿದೆ.

ಅಂತರಸನಹಳ್ಳಿಯ ರಟ್ಟಿನ ಡಬ್ಬದ ಕಾರ್ಖಾನೆ.
ಅಪ್ಪ ಶುರು ಮಾಡಿದ್ದು, ಇಬ್ಬರು ಮಕ್ಕಳು ನಡೆಸುವುದು.
ಆರು ವರ್ಷ ಅಂಟಿನ ವಾಸನೆಯಲ್ಲೇ ಬುತ್ತಿ ಬಿಚ್ಚಿದವಳು
ಬಸಿರಿನ ಮೂರನೇ ತಿಂಗಳು ಅದೇ ವಾಸನೆಗೆ
ಹಿತ್ತಲಿಗೆ ಓಡಿದಾಗ
ನಿಂಬೆಹಣ್ಣು ಹಿಡಿದು ಬೆನ್ನು ಸವರಿದವರು
ಗೌರಾಂಬನವರು, ಹಳೇ ಯಜಮಾನರ ಹೆಂಡತಿ.
"ಮನೆ ಮಗಳು ಕಣೇ ನೀನು" ಅಂದರು.
ಸುಳ್ಳಲ್ಲ. ಅವತ್ತಿಗೆ ಅದು ಸುಳ್ಳಾಗಿರಲಿಲ್ಲ.
ಅದೇ ಕಷ್ಟ.

ಇಪ್ಪತ್ತಾರು ವಾರದ ಸಂಬಳ.
ಅರ್ಜಿ ಬರೆದದ್ದು ಹೆರಿಗೆಯಾದ ಇಪ್ಪತ್ತೆರಡನೇ ದಿನ,
ಕಿವಿಗೆ ಹತ್ತಿ, ಸೊಂಟಕ್ಕೆ ಬಿಗಿದ ಹಳೇ ಸೀರೆ,
ಸಾಂಬ್ರಾಣಿ ಹೊಗೆಯಲ್ಲಿ ಕಾಗದ ಕಾಣದೆ
ಎರಡು ಸಲ ತಾರೀಖು ತಪ್ಪಿತು.
"ಬಾಣಂತಿ ಓದಬಾರದು, ಕಣ್ಣು ಹೋಗುತ್ತೆ" ಅಂದಳು ಅವ್ವ.
"ದುಡ್ಡೂ ಹೋಗುತ್ತೆ" ಅಂದೆ.

ಉತ್ತರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು:
ನಮ್ಮಲ್ಲಿರುವುದು ಒಂಬತ್ತೇ ಜನ.
ಅಂದರೆ, ಹತ್ತಿದ್ದರೆ ಕಾನೂನು.
ಒಂಬತ್ತಿದ್ದರೆ ಕುಟುಂಬ.

ಮಗುವಿನ ಕಾಲು ನೀವುತ್ತ ಎಣಿಸಿದೆ.
ಕಟಿಂಗ್ ಮೆಷಿನ್ನಿನ ಓಬಳೇಶ, ಅವನ ಭಾವಮೈದ.
ಪಿನ್ ಹೊಡೆಯುವ ತಬಸ್ಸುಮ್, ಜಯಲಕ್ಷ್ಮಮ್ಮ,
ಹೆಬ್ಬೂರಿನ ಅಕ್ಕತಂಗಿ.
ಲೋಡು ಮಾಡುವ ಕೆಂಪರಾಜು.
ನಾನು.
ರಾತ್ರಿ ಕಾಯುವ ಹನುಮಂತರಾಯಪ್ಪ,
ಕಾಯುತ್ತಾನೋ ನಿದ್ದೆಯೋ, ಸಂಬಳವಂತೂ ಇದೆ.
ಒಂಬತ್ತು. ಸರಿಯೇ.

ಮತ್ತೆ ಸಹನಾ, ಕಿರಿ ಸೊಸೆ.
ತಿಂಗಳಿಗೆ ಹದಿನೆಂಟು ಸಾವಿರ, ಮೇಲ್ವಿಚಾರಕಿ,
ನೀಲಿ ಶಾಯಿಯಲ್ಲಿ ನಾನೇ ಬರೆದದ್ದು.
ಆಯುಧಪೂಜೆಯ ದಿನ ಬಂದು
ಮೆಷಿನ್ನಿಗೆ ಕುಂಕುಮವಿಟ್ಟು ಹೋಗುವವಳು.
ತೆರಿಗೆಯವರ ಮುಂದೆ ನೌಕರಳು,
ಕಾರ್ಮಿಕ ಇಲಾಖೆಯ ಮುಂದೆ ಮನೆ ಸೊಸೆ.
ನಾನೋ, ಬಾಯಲ್ಲಿ ಮನೆ ಮಗಳು,
ಪುಸ್ತಕದಲ್ಲಿ ಎಂಟನೇ ನಂಬರು.

ನಕಲು ನನ್ನಲ್ಲಿಲ್ಲ. ಪುಟದ ನಂಬರು ಬಾಯಿಪಾಠ.
ಆ ಸುಳ್ಳು ಬರೆದ ಕೈಯೇ ಈಗ
ಅದರ ಮೇಲೆ ಕಾಲೂರಿ ನಿಂತು
ನ್ಯಾಯ ಕೇಳುತ್ತಿದೆಯಲ್ಲ ಎಂದು
ರಾತ್ರಿ ಹಾಲೂಡಿಸುವಾಗ ಹೊಳೆದು
ನಗು ಬಂತು. ಮಗು ಬೆಚ್ಚಿತು.

ಕಾರ್ಮಿಕ ಅಧಿಕಾರಿಯ ಕಚೇರಿ, ಪಡಸಾಲೆಯಲ್ಲಿ ಒಂದೇ ಬೆಂಚು.
ನಾನು ಈ ತುದಿ, ಅವರು ಆ ತುದಿ.
ದೊಡ್ಡ ಮಗ ಮೊಬೈಲಿನಿಂದ ತಲೆ ಎತ್ತಲಿಲ್ಲ.
ಗೌರಾಂಬನವರು ಜರುಗಿ ಜರುಗಿ ಬಂದು
ಕೇಳದೆಯೇ ಕೂಸನ್ನೆತ್ತಿ ನೆತ್ತಿ ಮೂಸಿದರು.
"ಎಣ್ಣೆ ಸಾಲದು, ಇನ್ನೊಂಚೂರು ಒತ್ತು ಕಣೇ" ಅಂದರು.
"ನಮ್ಮ ಮೇಲೇ ಬರೆದುಕೊಟ್ಟೆಯಲ್ಲೇ"
ಎಂದರು ಅದೇ ಉಸಿರಲ್ಲಿ.
ಆಮೇಲೆ, ಬರಿಗೈಲಿ ಮಗು ನೋಡಬಾರದೆಂದು,
ಪರ್ಸು ಬಿಚ್ಚಿ ಐನೂರರ ನೋಟೊಂದನ್ನು
ಪುಟ್ಟ ಮುಷ್ಟಿಗೆ ತುರುಕಿದರು.

ಬಿಗಿಯಾಗಿ ಹಿಡಿದಿದೆ, ಬಿಡಲೊಲ್ಲದು.
ಒಳಗಿಂದ ನನ್ನ ಹೆಸರು ಕೂಗುತ್ತಿದ್ದಾರೆ.
ತಲೆಯೊಳಗಿನ ಗುಮಾಸ್ತೆ ಮಾತ್ರ
ಪೆನ್ನಿನ ಮುಚ್ಚಳ ತೆಗೆದು ಕೂತಿದ್ದಾಳೆ:
ಇದನ್ನು ಯಾವ ಖಾತೆಗೆ ಹಾಕಲಿ,
ಉಡುಗೊರೆಯೋ, ಮುಂಗಡವೋ?