ಬಾಯಾಗ ತತ್ತಿ

ಗೇಟು ತೆಗಿಯೂ ಮೊದಲ
ಮ್ಯಾಲಿನ ಸುತ್ತಿನ್ಯಾಗ ನಾನು, ನನ್ನ ಬಾರಿಗಿ,
ಬಿದರ ಗಳದ ತುದಿಗೆ ಕಟ್ಟಿದ ಹಳೇ ಲುಂಗಿ.
ಕೆಮ್ಮಿದರ ಕೆಮ್ಮು ಒಂದು ಸುತ್ತು ಹಾಕಿ ಬಂದು
ಬೆನ್ನ ಹಿಂದ ನಿಂತು ಮತ್ತ ಕೆಮ್ಮತೈತಿ.
ಹನ್ನೊಂದು ವರ್ಷಾತು, ಅದಕ್ಕೂ ನನಗೂ ರೂಢಿ.

ಆಮ್ಯಾಲ ಸಾಲಿ ಹುಡುಗರ ಬಸ್ಸು.
ಸೀಟಿ, ಚಪ್ಪಾಳಿ, ನಾಯಿ ಬೊಗಳಿದಂಗ ಒಬ್ಬಾಂವ,
ಒಬ್ಬಾಕಿ ಗ್ವಾಡಿಗೆ ಬಾಯಿಟ್ಟು ಮೆಲ್ಲಕ ಯಾರದೋ ಹೆಸರು.
ಗೋಲಗುಮ್ಮಟ ಎಲ್ಲಾ ವಾಪಸ್ ಕೊಡತೈತಿ,
ತನಗಂತ ಏನೂ ಇಟ್ಟುಕೊಳ್ಳೂದಿಲ್ಲ.

ಮೆಟ್ಟಲದ ಬಾಗಲ ಮಗ್ಗಲ ಮೂಲ್ಯಾಗ ಅದು:
ಕೂದಲೆಳಿಯಂಥ ಎಂಟು ಕಾಲು, ಅಕ್ಕಿಕಾಳಿನಷ್ಟ ಮೈ.
ಗಳ ತಾಗಿದರ ಓಡೂದಿಲ್ಲ, ನಿಂತಲ್ಲೇ ನಡುಗತೈತಿ,
ತಿರುಗೂ ಫ್ಯಾನಿನ ರೆಕ್ಕಿ ಕಾಣದಂಗ
ಕಾಣದಂಗ ಆಗೂತನಕ.
ಅಂಜಿಕಿ ಅಂತ ತಿಳದಿದ್ದೆ.

ಮೊನ್ನೆ ಬಂದಿದ್ಲು ಕಾಲೇಜಿನಾಕಿ, ಹೂಗಾರ ಸುಗಲಾ,
ಕೊರಳಾಗ ಭೂತಗನ್ನಡಿ, ಚೀಲದಾಗ ಶ್ರುತಿಕವಲು.
ಮೊಣಕಾಲಿಗೆ ಬಡದು ಅದನ್ನ ಬಲಿಗೆ ಮುಟ್ಟಿಸಿದ್ಲು;
ಮುಂಗಾಲು ಎತ್ತಿ ಜೇಡ ಆ ಕಡೆ ಹೊಳ್ಳಿತು.
"ಇದಕ ಕಿವಿ ಇಲ್ಲ ಮೌಶಿ, ಕಾಲಿಲೆ ಕೇಳತೈತಿ.
ಚರ್ಮದಾಗ ಸೀಳು, ಗಾಳಿ ಹಾದರೂ ಅರಿಯೂ ರೋಮ.
ಎಂಟು ಕಣ್ಣದಾವ ಖರೆ, ದೂರಿಂದೇನೂ ತಿಳಿಯೂದಿಲ್ಲ.
ನಡುಗೂದು ಅಂಜಿಕಿ ಅಲ್ಲ,
ವೈರಿಗೆ ಗುರಿ ಸಿಗಬಾರದಂತ.
ಗಂಡು ಬರೂವಾಗ ಎಳಿ ಮೀಟಿ ಸುದ್ದಿ ಕೊಡತೈತಿ,
ನಾನು ನೊಣ ಅಲ್ಲ ಅಂತ."

ನಕ್ಕೆ. ನಗು ಸುತ್ತು ಹಾಕಿ ಬಂತು.
ನಮ್ಮ ಮನಿಯಾಂವ ಹಂಗ ಸುದ್ದಿ ಕೊಟ್ಟು ಬರತಿದ್ದರ...
ಇರಲಿ.

ಭೂತಗನ್ನಡಿ ನನ್ನ ಕೈಗೆ ಕೊಟ್ಲು.
ಅದರ ಬಾಯಾಗ ಒಂದು ಉಂಡಿ:
ರಾಜಗಿರಿ ಕಾಳು ಕೂಡಿಸಿ ನಾಕ ಎಳಿಲೆ ಬಿಗದಂಗ.
ತತ್ತಿ.
ಮರಿ ಒಡಿಯೂತನಕ ವಾರಗಟ್ಟಲೆ
ಹಿಂಗ ಕಚ್ಚಿಕೊಂಡ ಇರತೈತಂತ,
ಹೆಚ್ಚುಕಮ್ಮಿ ಉಪವಾಸ.

ಕೆಳಗ ಮ್ಯಾಲ ಎಲ್ಲಾರೂ ಬಾಯಿ ತೆರದವರ.
ಒಂದೊಂದು ಕೂಗೂ ಎಳಿಗುಂಟ ಅದರ ಕಾಲಿಗೆ ಬರತಿರಬೇಕು,
ಹೊಳ್ಳಿ, ಮತ್ತ ಹೊಳ್ಳಿ,
ನೊಣ ಅಲ್ಲ, ಗಂಡಲ್ಲ, ಗಾಳಿನೂ ಅಲ್ಲ.
ಏನಂತ ಲೆಕ್ಕ ಹಿಡೀತೈತೋ.

"ಮಾಲನಬೀ, ನಾಳೆ ದೊಡ್ಡ ಸಾಹೇಬರು ಬರತಾರ,
ಆ ಮೂಲಿ ಒಂದು ಹೊಡದ ಬಿಡ!"
ಕೆಳಗಿಂದ ಮುಕಾದಮ ಒದರಿದ.
ಬಿಡ, ಬಿಡ, ಬಿಡ ಅಂತ ಗುಮ್ಮಟ.

ಗಳ ಗ್ವಾಡಿಗೆ ಆನಿಸಿ ಬಾಗಲಾಗ ಕುಂತಿದ್ದೆ,
ಧೂಳಿಗಂತ ಸೆರಗು ಹಲ್ಲಾಗ ಕಚ್ಚಿ.
ಹೂಂ ಅನ್ನಾಕ
ಬಾಯಿ ಬಿಡಬೇಕಾಗತಿತ್ತು.