ನೀರಿನ ಎತ್ತರಕ್ಕೆ ಒಂದು ಮೀನು

ನಾನು ಬೋಟಿಗೆ ಹೆಸರು ಬರೆಯುವವನು.
ಬೈತಖೋಲದಲ್ಲಿ, ಮೀನುಗಾರಿಕೆಗೆ ರಜೆಯಿರುವ ಮಳೆಯ ದಿನಗಳಲ್ಲಿ
ದೇವರ ಹೆಸರು, ಮಗಳ ಹೆಸರು, ಸಾಲ ಕೊಟ್ಟ ಮಾವನ ಹೆಸರು,
ಎಲ್ಲ ಕೆಂಪು ಅಂಚಿನ ಹಳದಿಯಲ್ಲಿ ಬರೆದಿದ್ದೇನೆ.
ಕಾಗುಣಿತ ತಪ್ಪಿದರೂ
ಬಲೆಗೆ ಮೀನು ಬಿದ್ದರೆ ಯಾರೂ ಕೇಳುವುದಿಲ್ಲ.

ಆ ವರ್ಷ ಕಾಳಿ ನಮ್ಮ ಕೇರಿಗೆ ಬಂದದ್ದು ರಾತ್ರಿ.
ಮೇಲೆ ಅಣೆಕಟ್ಟಿನ ಬಾಗಿಲು ತೆಗೆದರಂತೆ,
ಇಲ್ಲಿ ಅನ್ನದ ಪಾತ್ರೆ ಒಲೆಯಿಂದ ತಾನೇ ಎದ್ದು
ಅಡುಗೆಮನೆಯೆಲ್ಲ ತಿರುಗಿತಂತೆ.
'ಅಂತೆ' ಎನ್ನುತ್ತೇನೆ, ಯಾಕೆಂದರೆ ನಾನಿರಲಿಲ್ಲ.
ಬಂದರಿನಲ್ಲಿ, ಒಣಗದ ಬಣ್ಣದ ಪಕ್ಕ, ಗೊರಕೆ ಹೊಡೆಯುತ್ತಿದ್ದೆ.

ಇದ್ದವರು: ಉಮಾಕಾಂತ ತಾಂಡೇಲ, ಟೆಂಪೋದ ಶಬ್ಬೀರ,
ಅಂಗನವಾಡಿಯ ರೋಜಾಲಿನ್ ಬಾಯಿ,
ಇನ್ನೂ ಮೀಸೆ ಮೂಡದ ಪುರ್ಸು.
ಒಂದು ಪಾತಿ ದೋಣಿ, ಎರಡು ಹುಟ್ಟು, ಒಂದೇ ಟಾರ್ಚು.
ಬೆಳಗಾಗುವಷ್ಟರಲ್ಲಿ ನೂರಾ ಹನ್ನೊಂದು ಜನ,
ಹದಿನಾಲ್ಕು ಆಡು,
ಒಂದು ಹೊಲಿಗೆ ಯಂತ್ರ.
ಯಂತ್ರ ಬಿಟ್ಟು ಬರಲಾರೆನೆಂದು ಸಾತೇರಿ ಹರಿಕಂತ್ರ
ಸೊಂಟದ ನೀರಿನಲ್ಲಿ ನಿಂತು ಜಗಳ ಆಡಿದ್ದಳು.

ಕೆಸರು ಒಣಗಿದ ಮೇಲೆ ಪೇಟೆಯಿಂದ ಒಂದು ಟ್ರಸ್ಟು ಬಂತು.
ಸ್ವಯಂಸೇವಕರ ಸಲುವಾಗಿ ಏನಾದರೂ ಕಲೆ ಮಾಡಿ ಎಂದಿತು.
ನಲವತ್ತು ಸಾವಿರ, ಮೂರು ಕಂತು.
ಅರ್ಜಿಯ ತುಂಬ ಚೌಕ ಚೌಕ:
ಫಲಾನುಭವಿಗಳು ಎಷ್ಟು? ಪುರುಷರು? ಮಹಿಳೆಯರು?
ಆಡುಗಳನ್ನು ಯಾವ ಚೌಕದಲ್ಲಿ ಕಟ್ಟಲಿ ಎಂದೆ.
ಅರ್ಜಿ ತಂದ ಹುಡುಗ ನಗಲಿಲ್ಲ.

ಶಾಲೆಯ ಗೋಡೆಗೆ ನಾಲ್ವರ ಮುಖ ಬರೆಯುತ್ತೇನೆ,
ಹಿಂದೆ ಅಲೆ, ಕೈಯಲ್ಲಿ ಹುಟ್ಟು, ಎಂದು ನಾನು.
ಉಮಾಕಾಂತ ಬೀಡಿ ಹೊಸಕಿದ:
'ಜೀವ ಇದ್ದವರು ಗೋಡೆ ಹತ್ತಬಾರದು ಮಾರಾಯ.'
ರೋಜಾಲಿನ್ ಬಾಯಿ ಮಾತ್ರ ಲೆಕ್ಕ ಹಾಕುತ್ತಿದ್ದಳು.
'ಕತ್ತಲಲ್ಲಿ ಟಾರ್ಚು ಬಿಟ್ಟರೆ
ಯಾವ ಮನೆಗೆ ಮೊದಲು ಹೋಗಬೇಕೆಂದು
ಗೋಡೆಯೇ ಹೇಳಬೇಕು. ಅಂಥದ್ದು ಬರೀತೀಯಾ?'

ಹೀಗೆ ಕೇರಿಗೆ ಮೀನು ಹತ್ತಿತು.
ಗೋಡೆಗಳ ಮೇಲೆ ನೀರಿನ ಗೆರೆ ಇನ್ನೂ ಇತ್ತು;
ಗೆರೆ ಮೊಣಕಾಲಿಗಿದ್ದರೆ ತಾರ್ಲೆ,
ಸೊಂಟಕ್ಕಿದ್ದರೆ ಬಂಗಡೆ,
ಕುತ್ತಿಗೆ ದಾಟಿದ್ದರೆ ಬಾಗಿಲಿನಷ್ಟುದ್ದ ಇಸ್ವಾಣ.
ನಾನು ಅಂಚು ಎಳೆದೆ, ಮಕ್ಕಳು ಬಣ್ಣ ತುಂಬಿದರು.
ಬಂಗಡೆಗೆ ಗುಲಾಬಿ ಬೇಡವೆಂದರೆ ಕೇಳಬೇಕಲ್ಲ.
ಮೀನಿನ ಹೊಟ್ಟೆಯಲ್ಲಿ ಬಿಳಿ ಚುಕ್ಕೆ ಇದ್ದರೆ
ಆ ಮನೆಯಲ್ಲಿ ನಡೆಯಲಾಗದವರು ಒಬ್ಬರು.
ಎರಡಿದ್ದರೆ ಇಬ್ಬರು.

ಬೊಮ್ಮು ಗೌಡ ಚುಕ್ಕೆ ಇಡಗೊಡಲಿಲ್ಲ.
ಕೋಲು ಎಸೆದು ಅಂಗಳದಲ್ಲಿ ಏಳು ಹೆಜ್ಜೆ ನಡೆದು ತೋರಿಸಿ
ಎಂಟನೆಯದಕ್ಕೆ ಶಬ್ಬೀರನ ಭುಜ ಹಿಡಿದ.
ಸಾತೇರಿಯ ಸೊಸೆ ತಾನೇ ಬಂದು
ಸಣ್ಣದೊಂದು ಚುಕ್ಕೆ ಕೇಳಿದಳು, ಆರು ತಿಂಗಳಿಗೆ ಸಾಕು ಎಂದಳು.
ಕೇರಿಗೆಲ್ಲ ಸುದ್ದಿ ತಿಳಿದದ್ದು ಹಾಗೆ, ಗೋಡೆ ಓದಿ.

ಟ್ರಸ್ಟಿನ ಮೂರನೆಯ ಕಂತು ಬರಲೇ ಇಲ್ಲ.
ಚಿತ್ರದಲ್ಲಿ ಸ್ವಯಂಸೇವಕರು ಕಾಣುವುದಿಲ್ಲ ಎಂದು
ವರದಿಯ ಮೇಲೆ ಯಾರೋ ಷರಾ ಬರೆದಿದ್ದರು.
ಈಗ ಬೋಟುಗಳ ತಳದಲ್ಲಿ ಮಿಕ್ಕಿದ ಬಣ್ಣವೇ ಗತಿ.
ಪ್ರತಿ ಮೇ ತಿಂಗಳು, ಮೋಡ ಕಟ್ಟುವ ಮೊದಲು,
ಆ ನಾಲ್ವರು ಡಬ್ಬಿ ಹಿಡಿದು ಮನೆ ಮನೆ ಸುತ್ತುತ್ತಾರೆ.
ಹೊಸ ಚುಕ್ಕೆ ಇಡುತ್ತಾರೆ.
ಕೆಲವು ಚುಕ್ಕೆಗಳ ಮೇಲೆ ಬಣ್ಣ ಬಳಿಯುತ್ತಾರೆ;
ಆಗ ಮನೆಯವರು ಚಹಾ ಕೊಡುತ್ತಾರೆ, ಯಾರೂ ಬೇಗ ಕುಡಿಯುವುದಿಲ್ಲ.

ಈ ವರ್ಷ ಪುರ್ಸು ನನ್ನ ಮನೆಗೂ ಬಂದ.
ನನ್ನದು ತಾರ್ಲೆ, ಬಾಲ ಮಾಸಿತ್ತು, ತಿದ್ದಿದ.
ಆಮೇಲೆ ನನ್ನ ಮೊಣಕಾಲಿನ ಪಟ್ಟಿ ನೋಡಿ,
ಈಗ ಮೀಸೆ ಬಂದಿದೆ ಅವನಿಗೆ, ಅದರೊಳಗೇ ಕೇಳಿದ:
'ಇಡಲಾ?'
ಬೋಟಿನ ಏಣಿ ಇನ್ನೂ ಹತ್ತುತ್ತೇನೆ ಕಾಣು ಎಂದು ಬೈದು ಕಳಿಸಿದೆ.

ಬಿಳಿ ಬಣ್ಣದ ಡಬ್ಬಿ ಜಗಲಿಯಲ್ಲೇ ಬಿಟ್ಟು ಹೋಗಿದ್ದಾನೆ, ಕಳ್ಳ.
ಮುಚ್ಚಳ ಬಿಗಿಯಾಗಿ ಹಾಕಿಲ್ಲ.